ನೋಟಕ್ಕೆ ಹತ್ತರಲ್ಲಿ ಎಂಟು

ಬೆಳಗಿನ ಎಂಟು ಗಂಟೆಯ ನೋಟವನ್ನು ಪುಸ್ತಕದಲ್ಲಿ ಬರೆಯುವ ಮೊದಲು ಅವಳು ದುರ್ಬೀನಿನ ಗಾಜನ್ನು ಎರಡು ಸಲ ಒರೆಸಿದಳು. ಗಾಜಿನ ಮೇಲೆ ಏನೂ ಇರಲಿಲ್ಲ. ಆದರೂ ಕೆಳಗೆ, ಕಲ್ಲುದಂಡೆಯ ಕೊನೆಯಲ್ಲಿ, ಅಣ್ಣನ ಮನೆಯ ಚಾವಣಿಯ ಮೇಲೆ ಬಿಳಿಯದೇನೋ ಏಳುವುದು ಬೀಳುವುದು ನಡೆದೇ ಇತ್ತು. ಒಗೆದು ಹಾಕಿದ ಬಟ್ಟೆಯಿರಬೇಕು ಅಂದುಕೊಂಡಳು. ಅತ್ತಿಗೆ ಬಟ್ಟೆ ಒಣಹಾಕುವುದು ಹಿತ್ತಿಲಲ್ಲಿ, ಚಾವಣಿಯ ಮೇಲಲ್ಲ ಎಂಬುದು ಮರುಕ್ಷಣವೇ ನೆನಪಾಯಿತು; ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ಮೂರು ವರ್ಷದಿಂದ ಆ ಮನೆಯ ಹೊಸಿಲು ತುಳಿಯದವಳಿಗೆ ಅಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ ಎಂಬುದು ಗೊತ್ತಿರುವುದಾದರೂ ಯಾಕೆ? ಗುಡ್ಡದ ತುದಿಯ ಈ ಮರದ ಕೋಣೆಗೆ ಮೂರು ಕಡೆ ಗಾಜು. ದಿನಕ್ಕೆ ಮೂರು ಸಲ, ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಎಡಗಡೆಯ ದೀಪಸ್ತಂಭದಿಂದ ಶುರುಮಾಡಿ ಬಲಗಡೆ ಹೊಳೆ ಸಮುದ್ರ ಸೇರುವಲ್ಲಿಯ ತನಕ ದುರ್ಬೀನು ತಿರುಗಿಸುತ್ತ ಕಂಡದ್ದನ್ನು ಬರೆಯುವುದು ಅವಳ ಕೆಲಸ. ಅಣ್ಣನ ಮನೆ ಬಂದಾಗ ಮಾತ್ರ ಕೈ ತಾನಾಗಿ ಒಂದಿಷ್ಟು ಬೇಗ ತಿರುಗುತ್ತಿತ್ತು, ಮಾತು ಬಿಟ್ಟವರು ದಾರಿಯಲ್ಲಿ ಎದುರಾದಾಗ ಕಣ್ಣು ತಿರುಗುವ ಹಾಗೆ. ಇವತ್ತು ತಿರುಗಲಿಲ್ಲ. ಬಿಳಿಯದು ಒಂದಲ್ಲ, ಹತ್ತಾರು. ಒಂದು ಮೇಲೆದ್ದು ಗಾಳಿಗೆ ಎದೆ ಕೊಟ್ಟು ನಿಂತಲ್ಲೇ ನಿಂತು, ಕಲ್ಲು ಬಿದ್ದ ಹಾಗೆ ಚಾವಣಿಗೆ ಬಿತ್ತು. ಅವಳ ಬಾಯಿಂದ ತಾನಾಗಿ ಮಾತು ಹೊರಟಿತು: "ಅಯ್ಯೋ, ಅಲ್ಲಿದ್ದೀರೇನ್ರೇ!"

ರೀವ ಹಕ್ಕಿಗಳು. ಅಂಗೈಗಿಂತ ಒಂದಿಷ್ಟು ದೊಡ್ಡ ಮೈ, ಕರಿ ಟೋಪಿ ಹಾಕಿದಂಥ ತಲೆ, ಹಳದಿ ಕೊಕ್ಕು. ಪ್ರತಿ ಬೇಸಿಗೆ ಕಲ್ಲುದಂಡೆಯ ಮೇಲೆ ಬರೀ ಕಲ್ಲಿನ ಮಧ್ಯೆ ಮೊಟ್ಟೆ ಇಡಲು ಬರುವ ಇವುಗಳಿಗಾಗಿಯೇ ಈ ದಡಕ್ಕೆ ರಕ್ಷಣೆ ಸಿಕ್ಕಿದ್ದು, ಗುಡ್ಡದ ಮೇಲೆ ಕೋಣೆ ಕಟ್ಟಿದ್ದು, ಅವಳಿಗೊಂದು ಕೆಲಸ ಆದದ್ದು. ಈ ವರ್ಷ ದಂಡೆಯ ಸುತ್ತ ಹಗ್ಗ ಕಟ್ಟಿ, ಫಲಕ ನೆಟ್ಟು, ಐದು ವಾರ ಕಾದರೂ ಒಂದು ಹಕ್ಕಿಯೂ ಇಳಿದಿರಲಿಲ್ಲ. 'ರೀವ: ಸೊನ್ನೆ' ಎಂದು ದಿನಕ್ಕೆ ಮೂರು ಸಲ ಬರೆದೂ ಬರೆದೂ ಆ ಸೊನ್ನೆಗೆ ಅವಳೇ ಹೊಣೆಯೇನೋ ಅನಿಸಲು ಶುರುವಾಗಿತ್ತು. ಕಳೆದ ವಾರ ಕಚೇರಿಯ ಸಾಹೇಬರು ಬಂದು ಪುಸ್ತಕದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, "ಹಕ್ಕಿಯೇ ಇಲ್ಲ ಅಂದ್ಮೇಲೆ ಹಗ್ಗ ಯಾಕಮ್ಮ? ಸೋಮವಾರ ಬಿಚ್ಚಿಸಿಬಿಡೋಣ. ನೋಡೋಕೆ ಬರೋರಾದ್ರೂ ದಂಡೆ ಮೇಲೆ ಓಡಾಡ್ಲಿ" ಅಂದಿದ್ದರು. ಇವತ್ತು ಶುಕ್ರವಾರ. ಹಗ್ಗ ಬಿಚ್ಚಿದರೆ ಜನ ನಡೆಯುವ ದಾರಿ ಅಣ್ಣನ ಮನೆಯ ಗೋಡೆಗೆ ತಾಗಿಯೇ ಹೋಗುತ್ತದೆ. ಅಷ್ಟುದ್ದದ ದಂಡೆ ಬಿಟ್ಟು, ಮನುಷ್ಯರಿರುವ ಮನೆಯ ನೆತ್ತಿಯನ್ನೇ ಇವು ಹುಡುಕಿಕೊಂಡದ್ದು ಯಾಕೆ? ಅವಳಿಗೆ ಉತ್ತರ ಹೊಳೆಯಿತು. ಆ ಚಾವಣಿಯ ಮೇಲೆ ಉರುಟು ಕಲ್ಲು ಹರಡಿಸಿದವಳು ಅವಳೇ.

ಹಾಳೆಯಲ್ಲಿ ಐದು ಕಾಲಂಗಳಿದ್ದವು: ಆಕಾಶ, ನೀರು, ದಡ, ಗಿಡಮರ, ಮನುಷ್ಯನ ಕೈವಾಡ. ಕೊನೆಗೆ ಒಟ್ಟು ನೋಟಕ್ಕೆ ಹತ್ತರಲ್ಲಿ ಅಂಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ 'ತುಂಬಾ ಚಂದ' ಎಂದು ಬರೆದದ್ದಕ್ಕೆ ಸಾಹೇಬರು ಕೆಂಪು ಪೆನ್ನಿನಲ್ಲಿ ಗೀಟು ಎಳೆದು, "ಚಂದ ಅನ್ನೋದು ನಿಮ್ಮ ಅಭಿಪ್ರಾಯ. ಅಂಕ ಬರೀರಿ" ಅಂದಿದ್ದರು, ಅದೂ ಶಾಲೆಯ ಹುಡುಗಿಯರ ಗುಂಪೊಂದು ಕೋಣೆಯಲ್ಲಿ ನಿಂತು ನೋಡುತ್ತಿರುವಾಗ. ಆಮೇಲೆ ಅವಳು ಅಂಕವನ್ನೇ ಬರೆದಳು. ಅಣ್ಣನ ಮನೆಯ ಚಪ್ಪಟೆ ಚಾವಣಿ ಸೋರುತ್ತಿದ್ದ ವರ್ಷ ಅವನು ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದ. ಬೂದು, ಕಂದು, ಬಿಳಿಯ ಆ ಇಡೀ ದಡದಲ್ಲಿ ಅದೊಂದೇ ನೀಲಿ, ಯಾರೋ ಕೂಗಿ ಕರೆದ ಹಾಗೆ. 'ಮನುಷ್ಯನ ಕೈವಾಡ: ನೀಲಿ ಹೊದಿಕೆ, ಕಣ್ಣಿಗೆ ಚುಚ್ಚುತ್ತದೆ. ಎರಡು ಅಂಕ ಕಡಿತ.' ಒಂದು ಅಂಕ ಸಾಕಿತ್ತು. ಇದು ಅವಳಿಗೆ ಬರೆಯುವಾಗಲೂ ಗೊತ್ತಿತ್ತು. ಒಂದು ಎಂದು ಬರೆಯಲು ಹೊರಟ ಪೆನ್ನು ಎರಡು ಎಂದದ್ದು ಯಾಕೆ ಎಂದು ಮೂರು ವರ್ಷದಿಂದ ಕೇಳಿಕೊಳ್ಳುತ್ತಿದ್ದಾಳೆ. ಅಣ್ಣನ ಮನೆಯೆಂದು ಕಡಿತದಲ್ಲಿ ಕೈ ಬಿಗಿಹಿಡಿದಳು ಅನ್ನುವವರಿಗೆ ಹೆದರಿದ್ದೋ, ಅಥವಾ ದೊಡ್ಡವನ ಮನೆಯನ್ನು ಮೇಲಿನಿಂದ ನೋಡಿ ಅಂಕ ಹಾಕುವುದರಲ್ಲಿ ಒಂದು ಚೂರು ಖುಷಿಯೂ ಇತ್ತೋ. ಎರಡನೆಯದನ್ನು ನೆನೆದಾಗಲೆಲ್ಲ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ. ಕಚೇರಿಯಿಂದ ಅಣ್ಣನಿಗೆ ಕಾಗದ ಹೋಯಿತು: ಚಾವಣಿ ದಡದ ಬಣ್ಣಕ್ಕೆ ಹೊಂದಬೇಕು, ಡಾಂಬರು ಬಳಿದು ಮೇಲೆ ಉರುಟು ಕಲ್ಲು ಹರಡಬೇಕು, ಆದರೆ ದಡದ ಕಲ್ಲನ್ನು ಮುಟ್ಟುವಂತಿಲ್ಲ, ಅದು ರಕ್ಷಿತ. ಬಾಗಿಲಲ್ಲೇ ರಾಶಿ ಬಿದ್ದ ಕಲ್ಲು ಬಿಟ್ಟು ಅವನು ಎಲ್ಲಿಂದಲೋ ಲಾರಿಯಲ್ಲಿ ಕಲ್ಲು ತರಿಸಿ, ಬುಟ್ಟಿ ಬುಟ್ಟಿ ಹೊತ್ತು ಏಣಿ ಹತ್ತಿದ. ಅವಳು ಇಲ್ಲಿಂದಲೇ ನೋಡಿದ್ದಳು. ಕೊನೆಯ ಬುಟ್ಟಿ ಸುರಿದ ದಿನ ಅವನು ಗುಡ್ಡ ಹತ್ತಿ ಬಂದು ಈ ಬಾಗಿಲಲ್ಲಿ ನಿಂತು, "ಬರೆದಿದ್ದು ನೀನಾ?" ಅಂತ ಕೇಳಿದ್ದ. "ಹೌದು. ಅದು ನೀಲಿಯಾಗಿತ್ತಲ್ಲ ಅಣ್ಣ" ಅಂದಿದ್ದಳು. ಅವನು ತಲೆಯಾಡಿಸಿ ಇಳಿದು ಹೋದ. ಅದೇ ಕೊನೆಯ ಮಾತು. ನೋಟಕ್ಕೆ ಮತ್ತೆ ಹತ್ತರಲ್ಲಿ ಹತ್ತು ಬಂತು, ಮಂಜಿರುವ ದಿನ ಆ ಮನೆ ಎಲ್ಲಿದೆ ಎಂದು ಅವಳಿಗೇ ಕಾಣದಾಯಿತು.

ಹನ್ನೆರಡರ ನೋಟಕ್ಕೆ ಇನ್ನೂ ಹೊತ್ತಿತ್ತು. ಕೋಣೆಗೆ ಚಿಲಕ ಹಾಕಿ ಇಳಿಯತೊಡಗಿದಳು. ಯಾಕೆ ಇಳಿಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡರೆ, ಎಣಿಸಬೇಕು ಎಂಬ ಉತ್ತರ ಬಂತು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವಳಿಗೆ ಹತ್ತಿರದಿಂದ ನೋಡಬೇಕಿತ್ತು. ಹಕ್ಕಿಗಳನ್ನೋ, ಚಾವಣಿಯನ್ನೋ, ಅದರ ಕೆಳಗಿರುವವರನ್ನೋ, ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಗುಡ್ಡದ ಬುಡದ ಅಂಗಡಿಯವಳು ತಕ್ಕಡಿಯಿಂದ ತಲೆ ಎತ್ತಿ ಗಿರಾಕಿಗೆ, "ಓ, ನೋಟದಮ್ಮ ಕೆಳಗೆ ಇಳಿದ್ರು! ಯಾರ ಮನೆ ಗ್ರಹಚಾರವೋ ಇವತ್ತು" ಅಂದಳು, ಕೇಳಲಿ ಎಂದೇ. ಗಿರಾಕಿ ನಕ್ಕ. ನೋಟದಮ್ಮ ಎಂಬ ಹೆಸರು ಯಾರು ಇಟ್ಟರೋ, ಊರ ಬಾಯಿಗೆಲ್ಲ ಅಂಟಿತ್ತು. ಅವಳೂ ನಕ್ಕಳು. ಹತ್ತು ಹೆಜ್ಜೆ ಹೋದ ಮೇಲೆ ನಕ್ಕಿದ್ದು ಯಾಕೆ ಎಂದು ತನ್ನ ಮೇಲೇ ಸಿಟ್ಟು ಬಂತು. ಕಲ್ಲುದಂಡೆಯ ಮೇಲೆ ಕಾಲಿಟ್ಟಾಗ ಸದ್ದು ಮೊದಲು ಬಂತು: ಟಕ್, ಟಕ್ ಟಕ್, ಟಕ್. ಅಣ್ಣ ದೋಣಿಯ ಬಡಗಿ. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ನೂಲು ತುರುಕಿ, ಮೊಂಡು ಉಳಿ ಇಟ್ಟು, ಕೊಡತಿಯೆಂಬ ಮರದ ಸುತ್ತಿಗೆಯಿಂದ ಬಡಿದು ಕೂರಿಸುವ ಸದ್ದು ಅದು. ನೀರು ಒಳಗೆ ಬಾರದಿರಲಿ ಎಂದು. ಅಪ್ಪನೂ ಹೀಗೇ ಬಡಿಯುತ್ತಿದ್ದ. ಆ ಸದ್ದಿನ ಮೇಲೇ ಸಾವಿರ ಗೆಜ್ಜೆ ಒಟ್ಟಿಗೆ ಉದುರಿದ ಹಾಗೆ ಹಕ್ಕಿಗಳ ಚಿರಿಚಿರಿ. ಅಂಗಳದ ಮೂಲೆಗೆ ಬರುತ್ತಿದ್ದಂತೆ ಒಂದು ರೀವ ಅವಳ ನೆತ್ತಿಗೆ ನೇರ ಎರಗಿ, ಕೂದಲು ಸವರಿ ಹೋಯಿತು. ಭುಜದ ಮೇಲೆ ಬಿಸಿಯಾಗಿ ಏನೋ ಬಿತ್ತು.

"ಕೊಡೆ ಹಿಡ್ಕೊಂಡು ಬರ್ಬೇಕು ಈಗ ನಮ್ಮನೆಗೆ" ಎಂದಿತು ಒಂದು ದನಿ. ಅತ್ತಿಗೆ. ತಲೆಗೆ ಅಣ್ಣನ ಹಳೇ ಟೋಪಿ, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಸೌಟು. ಮೂರು ವರ್ಷವೇ ಕಳೆದಿಲ್ಲವೇನೋ ಎಂಬಂತೆ ತನ್ನ ಸೆರಗಿನ ತುದಿಯಿಂದ ನಾದಿನಿಯ ಭುಜ ಒರೆಸಿ, "ನೋಡು, ಇವತ್ತು ಇದು ಎರಡನೇದು" ಎಂದು ಬುಟ್ಟಿ ಮುಂದೆ ಹಿಡಿದಳು. ಬುಟ್ಟಿಯ ತಳದಲ್ಲಿ ಬೂದು ಉಣ್ಣೆಯ ಉಂಡೆಯಂಥ ಮರಿಯೊಂದು ಕಣ್ಣು ಮಿಟುಕಿಸುತ್ತಿತ್ತು. "ಚಾವಣಿ ಅಂಚಿಗೆ ಗೋಡೆ ಇಲ್ವಲ್ಲ, ನಡೀತಾ ನಡೀತಾ ಬಿದ್ದುಬಿಡ್ತವೆ. ಬಿದ್ದಲ್ಲೇ ಕಲ್ಲಿನ ಥರ ಕೂತ್ಕೊಳ್ತವೆ, ಕಾಲಿಟ್ರೂ ಗೊತ್ತಾಗಲ್ಲ. ಎತ್ತಿ ಏಣಿ ಹತ್ತಿ ವಾಪಸ್ ಬಿಡೋದೇ ನನ್ನ ಕೆಲಸ ಆಗಿದೆ. ಒಲೆ ಮೇಲೆ ಏನಿದೆ ಅನ್ನೋದೇ ಮರೆತುಹೋಗತ್ತೆ." ಟಕ್ ಟಕ್ ನಿಂತಿತು. ಅಂಗಳದಲ್ಲಿ ಮಗುಚಿ ಹಾಕಿದ ದೋಣಿಯ ಹಿಂದಿನಿಂದ ಅಣ್ಣನ ದನಿ ಬಂತು, ಮುಖ ಕಾಣಲಿಲ್ಲ. "ಬಂದವರಿಗೆ ಟೀ ಕೊಡು." ಬಂದವರಿಗೆ! ಅತ್ತಿಗೆ ಕಣ್ಣಲ್ಲೇ ನಕ್ಕು, ಸೌಟನ್ನು ತುಟಿಗೆ ಅಡ್ಡ ಹಿಡಿದಳು. ಟೀ ಬಂದದ್ದು ನೆಂಟರಿಗೆಂದು ಎತ್ತಿಟ್ಟ ಬಿಳಿ ಪಿಂಗಾಣಿ ಬಟ್ಟಲಲ್ಲಿ. ಇದೇ ಮನೆಯ ಒಳಗೆ, ಕಿವಿ ಮುರಿದ ಹಸಿರು ಲೋಟವೊಂದು ಅವಳದೇ ಇತ್ತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಒಡೆದುಹೋದೀತೆಂಬ ಹಾಗೆ ಕುಡಿದಳು.

"ಎಷ್ಟು ದಿನದಿಂದ ಅತ್ತಿಗೆ?" ಅಂದಳು. "ಐದು ವಾರ ಆಯ್ತು. ಮೊದಲು ನಾಲ್ಕೈದು ಬಂದ್ವು, ಆಮೇಲೆ ನೆಂಟರು ಇಷ್ಟರನ್ನೆಲ್ಲ ಕರ್ಕೊಂಡು ಬಂದ್ವು." "ಹೇಳ್ಬೇಕಿತ್ತಲ್ಲ." ಅತ್ತಿಗೆ ಟೋಪಿ ಸರಿಮಾಡಿಕೊಂಡಳು. "ಯಾರಿಗೆ?" ಎಂದಳು, ಕೊಂಕಿಲ್ಲದೆ, ನಿಜಕ್ಕೂ ಕೇಳುವವಳ ಹಾಗೆ. ಆಮೇಲೆ ತಾನೇ, "ನೀನು ದಿನಾ ನೋಡ್ತೀಯಲ್ಲ, ಗೊತ್ತಿರತ್ತೆ ಅಂದ್ಕೊಂಡೆ" ಅಂದಳು. ಐದು ವಾರ. ದಿನಕ್ಕೆ ಮೂರು ಸಲದಂತೆ ನೂರಕ್ಕೂ ಹೆಚ್ಚು ಸಲ ದುರ್ಬೀನು ಈ ಚಾವಣಿಯನ್ನು ದಾಟಿ ಹೋಗಿದೆ. ಅವಳಿಗೆ ಬಟ್ಟಲು ಕೆಳಗಿಡಲು ಜಾಗ ಸಿಗಲಿಲ್ಲ. ದೋಣಿಯ ಹಿಂದಿನಿಂದ ದನಿ ಮತ್ತೆ ಬಂತು. "ನೋಡೋದಿದ್ರೆ ಏಣಿ ಇದೆ ಅಂತ ಹೇಳು. ಪಾದ ಎತ್ತಿಡಬಾರದು, ಜಾರಿಸಬೇಕು." ಅತ್ತಿಗೆ ಅವಳ ಕಡೆ ತಿರುಗಿ ಗಂಭೀರವಾಗಿ, "ಏಣಿ ಇದೆಯಂತೆ. ಪಾದ ಜಾರಿಸಬೇಕಂತೆ" ಅಂದಳು, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೋಣಿಯ ಆ ಕಡೆ ಕೊಡತಿ ಒಂದಿಷ್ಟು ಜೋರಾಗಿಯೇ ಬಡಿಯಿತು.

ಏಣಿಯ ಕೊನೆಯ ಮೆಟ್ಟಿಲಲ್ಲಿ, ತಲೆಗೆ ಅತ್ತಿಗೆಯ ಟೋಪಿ ಒತ್ತಿಕೊಂಡು ನಿಂತಾಗ ಅವಳಿಗೆ ಕಲ್ಲು ಬಿಟ್ಟು ಏನೂ ಕಾಣಲಿಲ್ಲ. ಮೇಲೆ ಕಿರುಚಾಟ, ರೆಕ್ಕೆಯ ಗಾಳಿ, ಮುಂದೆ ಬರೀ ಬೂದು ಕಂದು ಕಲ್ಲು. ಚಿಕ್ಕವಳಿದ್ದಾಗಲೂ ಹೀಗೇ. ಅಣ್ಣ ದಂಡೆಯ ಮೇಲೆ ಬೋರಲು ಮಲಗಿ, "ಅಲ್ಲಿ, ಅಲ್ಲಿ, ನಿನ್ನ ಮೂಗಿನ ಮುಂದೆ" ಎನ್ನುತ್ತಿದ್ದ, ಅವಳಿಗೆ ಕಾಣುತ್ತಿರಲಿಲ್ಲ. ಒಮ್ಮೆ ಕಾಣುತ್ತಿದೆ ಎಂದು ಸುಳ್ಳು ಹೇಳಿ ಒಂದು ಹೆಜ್ಜೆ ಮುಂದಿಟ್ಟಳು, ಕಾಲಡಿ ಮೊಟ್ಟೆಯೊಂದು ಮೆತ್ತಗೆ ಒಡೆಯಿತು. ಅಂಗಾಲಿಗೆ ಅಂಟಿದ ಆ ಬೆಚ್ಚಗಿನ ಲೋಳೆ ಇವತ್ತಿಗೂ ಕೆಲವೊಮ್ಮೆ ಸ್ನಾನ ಮಾಡುವಾಗ ನೆನಪಾಗಿ ಕಾಲು ಉಜ್ಜುತ್ತಾಳೆ. ಮನೆಯಲ್ಲಿ ಅಣ್ಣ, ತಾನೇ ತುಳಿದೆ ಅಂದ, ಪೆಟ್ಟು ತಿಂದ. ಅವಳು ಬಾಗಿಲ ಹಿಂದೆ ನಿಂತು ಎಣಿಸಿದ್ದಳು, ಆರು ಪೆಟ್ಟು. ಈಗ ಕಣ್ಣನ್ನು ಎಲ್ಲೂ ನೆಡದೆ ಸುಮ್ಮನೆ ಬಿಟ್ಟಳು. ತುಸು ಹೊತ್ತಿನಲ್ಲಿ ಕಲ್ಲುಗಳ ನಡುವಿನಿಂದ ಒಂದು ಮೊಟ್ಟೆ ಎದ್ದು ಬಂದ ಹಾಗೆ ಕಂಡಿತು, ಚುಕ್ಕೆ ಚುಕ್ಕೆಯದು, ಅದರ ಪಕ್ಕ ಇನ್ನೊಂದು. ಒಂದು ಕಂಡದ್ದೇ ತಡ, ಚಾವಣಿಯ ತುಂಬ ಮೊಟ್ಟೆ. ಮರಿಗಳು ಕಲ್ಲಿಗೆ ಕತ್ತು ಒತ್ತಿ ಚಪ್ಪಟೆಯಾಗಿದ್ದವು, ಉಸಿರಾಟವೊಂದೇ ಅಲುಗುತ್ತಿತ್ತು. ಒಂದು ತಾಯಿ ಇವಳನ್ನು ಲೆಕ್ಕಕ್ಕೇ ಇಡದೆ, ಬೆರಳುದ್ದದ ಮೀನನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು ಮರಿಯ ಮುಂದೆ ನಿಂತು, ಬಾಯಿ ತೆಗೆ ಎನ್ನುವಂತೆ ಕತ್ತು ಆಡಿಸುತ್ತಿತ್ತು. ಮರಿಗಿಂತ ಮೀನೇ ಉದ್ದ. ಅದು ನುಂಗುತ್ತದೋ ಇಲ್ಲವೋ? ಕೆಲಸ, ಕಾಗದ, ಅಂಕ ಎಲ್ಲ ಮರೆತು ಅವಳು ನೋಡುತ್ತ ನಿಂತಳು. ಅರ್ಧ ಒಳಗೆ, ಅರ್ಧ ಹೊರಗೆ. ಮರಿ ಕಣ್ಣು ಮುಚ್ಚಿ ಯೋಚನೆಗೆ ಬಿದ್ದ ಹಾಗೆ ಕೂತಿತು. ಆಮೇಲೆ ಬಾಲವೂ ಹೋಯಿತು. ಮೂವತ್ತೊಂದು ಗೂಡು. ಮೂರು ಸಲ ಎಣಿಸಿದರೂ ಮೂವತ್ತೊಂದು.

ಇಳಿದಾಗ ಅತ್ತಿಗೆ ದನಿ ತಗ್ಗಿಸಿ ಕೇಳಿದಳು. "ಬರೀತೀಯಾ?" ನಿಯಮ ಇಬ್ಬರಿಗೂ ಗೊತ್ತಿತ್ತು: ಗೂಡಿನಿಂದ ಇನ್ನೂರು ಹೆಜ್ಜೆಯೊಳಗೆ ಮನುಷ್ಯರು ಇರುವಂತಿಲ್ಲ, ಸದ್ದು ಮಾಡುವಂತಿಲ್ಲ, ಮರಿ ಹಾರುವ ತನಕ. "ಬರೀದೇ ಇದ್ರೆ ಸೋಮವಾರ ಹಗ್ಗ ಬಿಚ್ತಾರೆ. ಜನ ಎಲ್ಲ ಈ ಗೋಡೆ ಪಕ್ಕದಲ್ಲೇ ಬರ್ತಾರೆ, ನಾಯಿಗಳನ್ನೂ ಕರ್ಕೊಂಡು." "ಬರೆದ್ರೆ?" "ನಿಮ್ಮನ್ನ ಮನೆ ಬಿಡಿಸ್ತಾರೆ." ಅತ್ತಿಗೆ ದೋಣಿಯ ಕಡೆ ನೋಡಿದಳು. "ನಾವು ಎಲ್ಲಾದ್ರೂ ಇರ್ತೀವಿ, ಬಿಡು. ಆದ್ರೆ ಇವರಿಗೆ ಜ್ವರ ಬಂದು ಎರಡು ದಿನ ಮಲಗಿದ್ರಲ್ಲ, ಆವಾಗ ಬಡಿಯೋ ಸದ್ದಿರ್ಲಿಲ್ಲ. ಕಾಗೆಗಳು ಇಳಿದ್ವು ನೋಡು, ಏಳು ಗೂಡು ಖಾಲಿ. ನಾನು ಸೌಟು ಹಿಡ್ಕೊಂಡು ಎಷ್ಟು ಅಂತ ಓಡ್ಲಿ? ಇವರು ಎದ್ದು ಕೊಡತಿ ಹಿಡಿದ ದಿನದಿಂದ ಒಂದು ಕಾಗೆ ಇಲ್ಲ. ಈ ಸದ್ದು ಹಕ್ಕಿಗೆ ಅಭ್ಯಾಸ ಆಗಿದೆ, ಕಾಗೆಗೆ ಆಗಿಲ್ಲ. ಮಾಡೋ ಕೆಲಸ ಮುಗಿದ್ರೂ ಸುಮ್ಮನೆ ಬಡೀತಾ ಕೂತಿರ್ತಾರೆ." ಅಣ್ಣ ದೋಣಿಯ ಹಿಂದಿನಿಂದ ಎದ್ದು ನಿಂತ. ಗಡ್ಡ ಬೆಳ್ಳಗಾಗಿತ್ತು. ಅದು ದುರ್ಬೀನಿನಲ್ಲಿ ಕಂಡಿರಲಿಲ್ಲ. ಅವನು ಅವಳ ಭುಜದ ಆಚೆ ಎಲ್ಲೋ ನೋಡುತ್ತ ಹೆಂಡತಿಗೆ ಹೇಳಿದ. "ಕಂಡಿದ್ದನ್ನ ಬರೀಲಿ ಅಂತ ಹೇಳು. ಅವಳ ಕೆಲಸ ಅದು." ಅಣಕವೋ ಅನುಮತಿಯೋ ಗೊತ್ತಾಗಲಿಲ್ಲ. ಗುಡ್ಡ ಹತ್ತುತ್ತ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ತಾನೇ ಹೇಳಿ ನೋಡಿಕೊಂಡಳು, ಒಂದೊಂದು ಸಲ ಒಂದೊಂದು ಅರ್ಥ ಬಂತು.

ಹಾಳೆಯಲ್ಲಿ ಕೊಡತಿಗೆ ಕಾಲಂ ಇರಲಿಲ್ಲ. 'ರೀವ: ಗೂಡು ಮೂವತ್ತೊಂದು' ಎಂದು ಬರೆದಳು. 'ಮನುಷ್ಯನ ಕೈವಾಡ' ಎಂಬಲ್ಲಿ ಪೆನ್ನು ನಿಂತಿತು. ಅಲ್ಲಿ ಏನು ಬರೆದರೂ ಕಡಿತವೇ. ಆ ಕಾಲಮ್ಮಿನಲ್ಲಿ ಅಂಕ ಕಳೆಯಲು ಜಾಗವಿತ್ತು, ಕೂಡಿಸಲು ಇರಲಿಲ್ಲ. ಇಷ್ಟು ವರ್ಷ ಅದನ್ನು ತುಂಬುತ್ತ ಇದು ಕಣ್ಣಿಗೆ ಬೀಳದಿದ್ದದ್ದು ಹೇಗೆ ಎಂದು ಆಶ್ಚರ್ಯಪಟ್ಟಳು. ಕೊನೆಗೆ ಅಂಚಿನ ಖಾಲಿ ಜಾಗದಲ್ಲಿ, ಹಾಳೆಯನ್ನು ಅಡ್ಡ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಬರೆದಳು: 'ಬಡಗಿಯ ಸದ್ದಿಗೆ ಕಾಗೆ ಬರುವುದಿಲ್ಲ. ಬಿದ್ದ ಮರಿಯನ್ನು ಮನೆಯಾಕೆ ಎತ್ತಿ ಬಿಡುತ್ತಾಳೆ. ಮನೆಯವರು ಇರಬೇಕು. ಬಡಿಯುವುದು ನಿಲ್ಲಬಾರದು.' ಒಟ್ಟು ನೋಟಕ್ಕೆ ಅಂಕ ಹಾಕುವುದು ಉಳಿಯಿತು. ಹತ್ತು ಅನ್ನಲೇ? ಆ ಮನೆ ಈಗ ಮತ್ತೆ ಕಣ್ಣಿಗೆ ಬೀಳುತ್ತಿದೆ. ಎಂಟು ಎಂದು ಬರೆದಳು, ಆ ಎರಡು ತಾನು ಕಳೆದುಕೊಂಡದ್ದು ಎಂಬ ಹಾಗೆ. ಆಮೇಲೆ ಕಚೇರಿಗೆ ಫೋನು ಮಾಡಿ ಬರೆದದ್ದನ್ನೆಲ್ಲ ಓದಿ ಹೇಳಿದಳು. ಆ ಕಡೆಯಿಂದ ಸಾಹೇಬರು, "ಮೂವತ್ತೊಂದಾ? ಭಲೇ! ನಾಳೆ ಬೆಳಿಗ್ಗೆ ಬಂದೆ" ಅಂದರು. ಅಂಚಿನಲ್ಲಿ ಬರೆದದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ, ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಸಾಹೇಬರು ಕೆಟ್ಟವರಲ್ಲ. ಶನಿವಾರ ಬೆಳಿಗ್ಗೆ ಹೊಳೆಯುವ ಬೂಟು ಹಾಕಿಕೊಂಡು ಕಲ್ಲಿನ ಮೇಲೆ ತೂರಾಡುತ್ತ ಬಂದು, ದೂರದಿಂದಲೇ ಚಾವಣಿ ನೋಡಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಾನು ಹಗ್ಗ ಬಿಚ್ಚಿಸ್ತಿದ್ನಲ್ಲಮ್ಮ" ಎಂದರು ಎರಡು ಸಲ. ಅಣ್ಣನಿಗೂ ಅತ್ತಿಗೆಗೂ ಕೈ ಮುಗಿದರು. ನಿಯಮವನ್ನು ಕಡತದಿಂದ ಓದುವಾಗಲೂ ಅವರ ದನಿ ಮೆತ್ತಗಿತ್ತು. ಇಪ್ಪತ್ತೈದು ದಿನ, ಕಚೇರಿಯ ವಸತಿಯಲ್ಲಿ ಜಾಗ ಇದೆ, ಗಾಡಿ ಮಧ್ಯಾಹ್ನ ಬರುತ್ತದೆ. "ಸಾರ್, ಅಂಚಲ್ಲಿ ಬರೆದಿದ್ದೀನಲ್ಲ. ಸದ್ದು ನಿಂತ್ರೆ ಕಾಗೆ ಬರತ್ತೆ" ಅಂದಳು. "ಓದಿದೆ. ನೋಡಿಯಮ್ಮ, ಇವರು ನಿಮ್ಮ ಅಣ್ಣ. ನೀವು ಹಾಗೆ ಬರೆಯೋದು ಸಹಜ. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?" ಮೂರು ವರ್ಷದ ಹಿಂದೆ ಯಾರೂ ಹಾಗೆ ಕೇಳಬಾರದೆಂದೇ ಅವಳ ಪೆನ್ನು ಎರಡು ಎಂದದ್ದು. ಆ ಎರಡು ಅಂಕ ಇವತ್ತು ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಅಣ್ಣ ಕೊಡತಿಯನ್ನು ದೋಣಿಯ ಮೇಲಿಟ್ಟು, ಕೈ ಒರೆಸಿಕೊಂಡ. ಗಾಡಿ ಬರುವ ತನಕ ಎಲ್ಲರೂ ಗುಡ್ಡದ ಕೋಣೆಯಲ್ಲಿರಲಿ ಎಂದಾಯಿತು.

ಹಾಗೆ ಅಣ್ಣ ಆ ಗಾಜಿನ ಕೋಣೆಯೊಳಗೆ ಮೊದಲ ಸಲ ಕಾಲಿಟ್ಟ. ಇದ್ದ ಎರಡು ಕುರ್ಚಿಯಲ್ಲಿ ಒಂದರಲ್ಲಿ ಸಾಹೇಬರು, ಇನ್ನೊಂದರಲ್ಲಿ ಅತ್ತಿಗೆ ಕೂತರು. ಅಣ್ಣ ತಂಗಿ ನಿಂತರು, ನಡುವೆ ದುರ್ಬೀನು. ಕೆಳಗಿನಿಂದ ಬರುತ್ತಿದ್ದ ಟಕ್ ಟಕ್ ಇಲ್ಲದೆ ಗಾಜಿನ ಆಚೆಯ ಇಡೀ ದಡ ಕಿವುಡಾದ ಹಾಗಿತ್ತು. ತಾನು ದಿನಾ ಆ ಸದ್ದು ಕೇಳುತ್ತ ಬರೆಯುತ್ತಿದ್ದೆ ಎಂಬುದೇ ಅವಳಿಗೆ ಈಗ ತಿಳಿಯಿತು. ಅಣ್ಣ ಮೆಲ್ಲಗೆ ದುರ್ಬೀನಿಗೆ ಕಣ್ಣಿಟ್ಟ. ದೀಪಸ್ತಂಭದ ಕಡೆ ತಿರುಗಿಸಿದ, ಹೊಳೆಯ ಕಡೆ ತಿರುಗಿಸಿದ, ಮತ್ತೆ ಹಿಂದಕ್ಕೆ. ಅವನಿಗೆ ಮನೆ ಸಿಗುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಕೈ ಚಾಚಿ ದುರ್ಬೀನನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿಸಿದಳು. ಅವನ ಬೆನ್ನು ತಟ್ಟನೆ ನೆಟ್ಟಗಾಯಿತು. ತುಂಬ ಹೊತ್ತು ನೋಡಿದ. ಅವನಿಗೆ ಏನು ಕಾಣುತ್ತಿರಬಹುದು? ಬೆಂಕಿಪೆಟ್ಟಿಗೆಯಷ್ಟು ಮನೆ, ಹಿತ್ತಿಲಿನ ತಂತಿ, ಅದರ ಮೇಲೆ ಮರೆತುಹೋದ ಒಂದು ಟವೆಲು. ಅವಳಿಗೆ ಅವನ ಕಣ್ಣಿನ ಹಿಂದೆ ಹೋಗಿ ನೋಡಬೇಕೆಂಬ ಹುಚ್ಚು ಕುತೂಹಲವಾಯಿತು. ಆಗಲೇ ಅವನ ಗಂಟಲಿಂದ ಹೂಂಕಾರದಂಥದೊಂದು ಸದ್ದು ಬಂತು. ಅವನು ದುರ್ಬೀನು ಬಿಟ್ಟು ಬಾಗಿಲಿಗೆ ಹಾರಿದ. ಅವಳು ಕಣ್ಣಿಟ್ಟಳು. ಚಾವಣಿಯ ಮೇಲೆ ಕರಿಯದೊಂದು, ಅವಸರವಿಲ್ಲದೆ, ಕೊಂಡುಕೊಳ್ಳಲು ಬಂದ ಯಜಮಾನನ ಹಾಗೆ ನಡೆದಾಡುತ್ತಿತ್ತು. ಬಗ್ಗಿತು, ಎತ್ತಿತು, ಹಾರಿತು. ಇನ್ನೆರಡು ಇಳಿದವು. "ಸಾರ್, ನೋಡಿ" ಎಂದಳು. ಅವರು ನೋಡುವುದರೊಳಗೆ ಮತ್ತೆ ನಾಲ್ಕು.

ಗುಡ್ಡ ಇಳಿಯುವಾಗ ಅವಳು ಎರಡು ಸಲ ಬಿದ್ದಳು. ಮೊಣಕಾಲು ತರಚಿಹೋದದ್ದು ಆಮೇಲೆ ಗೊತ್ತಾಯಿತು. ಅಂಗಳ ಮುಟ್ಟಿದಾಗ ಅಣ್ಣ ಏಣಿಯ ತುದಿಯಲ್ಲಿ ಎರಡೂ ಕೈ ಬೀಸುತ್ತ ಕೂಗುತ್ತಿದ್ದ. ರೀವಗಳು ಅವನನ್ನೂ ಕಾಗೆಗಳನ್ನೂ ಒಂದೇ ಎಂದು ತಿಳಿದು ಇಬ್ಬರ ಮೇಲೂ ಎರಗುತ್ತಿದ್ದವು. ಅವನು ಕೂಗಿದಷ್ಟೂ ಹಕ್ಕಿಗಳು ಗೂಡು ಬಿಟ್ಟು ಏಳುತ್ತಿದ್ದವು, ಎದ್ದಷ್ಟೂ ಕಾಗೆಗಳಿಗೆ ಅನುಕೂಲ. ಸಾಹೇಬರು ಏದುಸಿರು ಬಿಡುತ್ತ ಬಂದು, ಏನು ಮಾಡಬೇಕೆಂದು ತಿಳಿಯದೆ ಕಡತವನ್ನು ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟತೊಡಗಿದರು, ಸಭೆಯಲ್ಲಿ ತಟ್ಟುವ ಹಾಗೆ. ಕಾಗೆಗಳು ಅವರ ಕಡೆ ನೋಡಲೂ ಇಲ್ಲ. ಅವಳು ದೋಣಿಯ ಹತ್ತಿರ ಓಡಿದಳು. ಕೊಡತಿ ಅಣ್ಣ ಇಟ್ಟಲ್ಲೇ ಇತ್ತು, ಪಕ್ಕದಲ್ಲಿ ಉಳಿ. ಹಲಗೆಯ ಸಂದಿಗೆ ಉಳಿ ಇಟ್ಟು ಬಡಿದಳು. ಟಕ್. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಟಕ್ ಟಕ್. ಇನ್ನೊಂದು, ಇನ್ನೊಂದು. ಅಪ್ಪ ಬಡಿಯುತ್ತಿದ್ದ ಲಯ ಎಲ್ಲಿಂದಲೋ ಮೊಣಕೈಗೆ ಇಳಿದು ಬಂತು. ಬಡಿಯುತ್ತಿದ್ದಂತೆ ಒಂದು ಕಾಗೆ ಕತ್ತು ಓರೆ ಮಾಡಿ ಆಲಿಸಿತು, ಭಾರವಾಗಿ ರೆಕ್ಕೆ ಬಿಚ್ಚಿ ಹೊಳೆಯ ಕಡೆ ಹೋಯಿತು. ಆಮೇಲೆ ಇನ್ನೊಂದು. ತಿರುಗಿ ನೋಡುವ ಧೈರ್ಯ ಇರಲಿಲ್ಲ. ಚಿರಿಚಿರಿ ನಿಧಾನಕ್ಕೆ ಮೇಲಿನಿಂದ ಕೆಳಗಿಳಿದು ಚಾವಣಿಯ ಮಟ್ಟದಲ್ಲಿ ನೆಲೆಯಾದದ್ದನ್ನು ಕಿವಿಯಲ್ಲೇ ತಿಳಿದಳು. ಅತ್ತಿಗೆ ಬುಟ್ಟಿ ಹಿಡಿದು ಗೋಡೆಯ ಬುಡದಲ್ಲಿ ಬಗ್ಗಿ ಹುಡುಕುತ್ತಿದ್ದಳು. ಸಾಹೇಬರ ಚಪ್ಪಾಳೆ ನಿಂತಿತ್ತು. "ಎಷ್ಟು ಹೋಯ್ತು?" ಎಂದು ಅವರು ಮೇಲಕ್ಕೆ ಕೇಳಿದರು. ಏಣಿಯಿಂದ ಅಣ್ಣ ಆರು ಬೆರಳು ತೋರಿಸಿದ. ಅವರು ಕಲ್ಲಿನ ಮೇಲೆ ಕೂತು, ಕಡತವನ್ನು ತೊಡೆಯ ಮೇಲೆ ಬಿಡಿಸಿ, ಬಹಳ ಹೊತ್ತು ನಿಯಮದ ಹಾಳೆಯನ್ನೇ ನೋಡಿದರು. ಕೊನೆಗೆ ಅದರ ಅಂಚಿನಲ್ಲಿ ಏನೋ ಬರೆದು, ಕೆಳಗೆ ಸಹಿ ಹಾಕಿ, "ಗಾಡಿ ಬೇಡ ಅಂತ ಫೋನ್ ಮಾಡ್ತೀನಿ. ಮೇಲಿನವರು ಕೇಳಿದ್ರೆ ಇಲ್ಲಿಗೇ ಕರ್ಕೊಂಡು ಬರ್ತೀನಿ" ಅಂದರು, ಯಾರಿಗೆಂದಿಲ್ಲದೆ.

ಅವಳು ಬಡಿಯುತ್ತಲೇ ಇದ್ದಳು. ನಿಲ್ಲಿಸಿದರೆ ಏನಾದೀತೋ ಎಂಬ ಹೆದರಿಕೆ, ಜೊತೆಗೆ ಆರು ಎಂಬ ಸಂಖ್ಯೆ. ಇಪ್ಪತ್ತೈದು ಉಳಿದವು ಎಂಬ ಲೆಕ್ಕ ಅದನ್ನು ಅಳಿಸುತ್ತಿರಲಿಲ್ಲ. ಹೆಬ್ಬೆರಳಿನ ಉಗುರಡಿ ರಕ್ತ ಕಟ್ಟಿ ನೇರಳೆಯಾಗುತ್ತಿತ್ತು. ಅಣ್ಣ ಏಣಿ ಇಳಿದು ಬಂದದ್ದು, ಹಿಂದೆ ನಿಂತದ್ದು, ಅವನ ಮೈಯ ಮರದ ಪುಡಿಯ ವಾಸನೆ, ಎಲ್ಲ ಗೊತ್ತಾಯಿತು. ಕೊಡತಿ ಕೇಳುತ್ತಾನೆ ಅಂದುಕೊಂಡಳು. ಅವನು ಕೇಳಲಿಲ್ಲ. ಬಗ್ಗಿ, ಅವಳು ಬಡಿಯುತ್ತಿದ್ದ ಸಂದಿಯನ್ನು ಬೆರಳಿನಿಂದ ಸವರಿ ನೋಡಿದ, ಬಾಯಲ್ಲಿ ಚ್ಚು ಅಂದ. ಡಬ್ಬಿಯಿಂದ ಮೊಳದುದ್ದ ಹತ್ತಿಯ ನೂಲು ಎಳೆದು, ತೊಡೆಯ ಮೇಲೆ ಹೊಸೆದು, ಅವಳ ಮುಂದೆ ಹಿಡಿದ.

"ಖಾಲಿ ಸಂದಿಗೆ ಬಡೀಬೇಡ ಕಣೇ" ಅಂದ. "ಹಲಗೆ ಬಿಟ್ಕೊಳ್ಳತ್ತೆ. ಇದನ್ನ ತುಂಬು ಮೊದಲು."